ರೀಫ್ ಟ್ಯಾಂಕಿನ ಮರಳು ಕೊಳೆಯಾಗಿದ್ಯಾ? ತೊಳೆಯುವ ಮೊದಲು ಅದೇನು ಅಂತ ಹುಡುಕಿ

ರೀಫ್ ಟ್ಯಾಂಕ್ ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಗಾಜಿನ ಟ್ಯಾಂಕು. ಅದರ ಮರಳು ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಪೈಪು, ಬಕೆಟ್ಟು ಹಿಡಿದು ಹೊರಡಬೇಡಿ. ಒಂದೆರಡು ದಿನ ಸುಮ್ನೆ ನೋಡಿ. ಉಪ್ಪುನೀರಿನ ಟ್ಯಾಂಕಿನ ಮರಳಿನ ಮೇಲೆ ಕೂರುವ ಕೊಳೆಯಲ್ಲಿ ಬೇರೆ ಬೇರೆ ಜಾತಿ ಇವೆ. ದೂರದಿಂದ ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಒಂದಕ್ಕೆ ಮದ್ದು ಅಂತ ಮಾಡಿದ್ದು ಇನ್ನೊಂದಕ್ಕೆ ಊಟ ಆಗುತ್ತದೆ. ಸೈನೋ (ಸೈನೋಬ್ಯಾಕ್ಟೀರಿಯಾ, ಹಾಳೆ ಥರ ಹಬ್ಬುವಂಥದ್ದು) ಬಂದಾಗ ಮೀನಿನ ಊಟ ಕಡಿಮೆ ಮಾಡಿ ಗಲೀಜು ಹೀರಿ ತೆಗೆದರೆ ಅದು ಹಿಂದೆ ಸರಿಯುತ್ತದೆ. ಡೈನೋ (ಡೈನೋಫ್ಲಾಜೆಲೇಟ್, ಲೋಳೆ ಕಟ್ಟುವ ಒಂಟಿ ಕೋಶದ ಜೀವಿ) ಬಂದಾಗಲೂ ಅದನ್ನೇ ಮಾಡಿದರೆ ಅದು ಇನ್ನೂ ದಪ್ಪವಾಗಿ ಹಬ್ಬುತ್ತದೆ, ಬಸವನಹುಳುಗಳು ಸಾಯುತ್ತವೆ, ನೀವು ಗಾಬರಿಯಿಂದ ಇನ್ನೂ ಜಾಸ್ತಿ ತೊಳೆಯುತ್ತೀರಿ, ಅದು ಇನ್ನೂ ಹಬ್ಬುತ್ತದೆ.

ಇನ್ನೊಂದು ವಿಷಯ. ಈ ಹವ್ಯಾಸಕ್ಕೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ದೊಡ್ಡ ಊರಿನವರದ್ದು, ಇಲ್ಲವೇ ಹೊರದೇಶದವರದ್ದು. ಅಲ್ಲಿ ಮಳೆ ಬಂದರೆ ಎರಡು ದಿನ ಕರೆಂಟ್ ಹೋಗುವುದಿಲ್ಲ, ಮನೆ ಹಿಂದೆ ಅಡಿಕೆ ತೋಟ ಇರುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ನಲ್ಲಿಗೆ ತುಂಗೆ ನೀರು ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳ ಹಳ್ಳಿಗಳಲ್ಲಿ ಬಾವಿ ನೀರು, ಇಲ್ಲವೇ ಗುಡ್ಡದಿಂದ ಪೈಪ್ ಹಾಕಿ ತಂದ ಅಬ್ಬಿ ನೀರು. ಹಾಗಾಗಿ ಇಲ್ಲಿ ಮರಳು ಕೆಡುವ ದಾರಿಗಳೇ ಸ್ವಲ್ಪ ಬೇರೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ

ಟ್ಯಾಂಕಿನ ಲೈಟ್ ಹತ್ತುವ ಮೊದಲು ಟಾರ್ಚ್ ಬಿಟ್ಟು ಮರಳು ನೋಡಿ, ಒಂದು ಫೋಟೋ ತೆಗೆಯಿರಿ. ರಾತ್ರಿ ಲೈಟ್ ಆರುವ ಮುಂಚೆ ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಬೆಳಿಗ್ಗೆ ಮರಳು ಹೆಚ್ಚುಕಡಿಮೆ ಬೆಳ್ಳಗಿದ್ದು, ಸಂಜೆ ಹೊತ್ತಿಗೆ ಕಂದು ಲೋಳೆ ಹತ್ತಿಕೊಂಡಿದ್ದರೆ ಡೈನೋ ಇರಬಹುದು ಅಂತ ಅನುಮಾನ ಪಡಿ. ಇಡೀ ದಿನ ಒಂದೇ ಥರ ಕಂದು ಧೂಳು ಕೂತಿದ್ದರೆ ಡಯಾಟಮ್ ಅನ್ನುವ ಒಂಟಿ ಕೋಶದ ಪಾಚಿ, ಇಲ್ಲವೇ ಬರೀ ಮೀನಿನ ಕಸ. ಕೆಂಪು ಅಥವಾ ನೇರಳೆ ಬಣ್ಣದ ಹಾಳೆ ಥರದ್ದಾದರೆ ಸೈನೋ. ಆದರೆ ಸೈನೋ ಕೂಡ ರಾತ್ರಿ ಸ್ವಲ್ಪ ತೆಳುವಾಗುತ್ತದೆ, ಹಾಗಾಗಿ ಬರೀ ಫೋಟೋ ನಂಬಿ ತೀರ್ಮಾನ ಮಾಡಬೇಡಿ.

ಈ ಪರೀಕ್ಷೆಗೆ ಮೊದಲು ನಿಮ್ಮ ಲೈಟಿನ ಟೈಮರ್ ಸರಿಯಾಗಿದೆಯಾ ನೋಡಿ. ಹಲ್ಲಿನ ಚಕ್ರ ತಿರುಗುವ ಹಳೇ ಟೈಮರ್ ಆದರೆ ಕರೆಂಟ್ ಹೋದಷ್ಟು ಹೊತ್ತು ಅದೂ ನಿಂತುಬಿಡುತ್ತದೆ. ಜುಲೈ ತಿಂಗಳಲ್ಲಿ ಒಂದು ವಾರ ಕಳೆಯುವಷ್ಟರಲ್ಲಿ ಟ್ಯಾಂಕಿಗೆ ನಡುರಾತ್ರಿ ಹಗಲಾಗಿರುತ್ತದೆ, ನಾವು ಮಲಗಿರುವುದರಿಂದ ಗೊತ್ತೇ ಆಗುವುದಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ, ದೊಡ್ಡ ಖರ್ಚೇನಲ್ಲ.

ಸಿರಿಂಜ್ ಹಿಡಿದು ಊದಿ ನೋಡುವುದು

ಸೂಜಿ ಇಲ್ಲದ ದೊಡ್ಡ ಸಿರಿಂಜ್ ಒಂದು ಬೇಕು. ದನಕ್ಕೆ ಬಳಸಿದ ಹಳೇ ಸಿರಿಂಜ್ ಬೇಡ, ಮೆಡಿಕಲ್ ಶಾಪಿನಿಂದ ಹೊಸದು ತನ್ನಿ. ಟ್ಯಾಂಕಿನ ನೀರನ್ನೇ ಎಳೆದುಕೊಂಡು, ಕೊಳೆ ಇರುವ ಜಾಗಕ್ಕೆ ಮೆಲ್ಲಗೆ ಊದಿ.

ಧೂಳಿನ ಹಾಗೆ ಎದ್ದು ನೀರಲ್ಲಿ ಹರಡಿ ಮತ್ತೆ ಕೂತರೆ ಡಯಾಟಮ್ ಅಥವಾ ಕಸ. ಕಸದಲ್ಲಿ ಮೀನಿನ ಹಿಕ್ಕೆಯ ಚೂರು, ತಿನ್ನದೆ ಬಿಟ್ಟ ಊಟದ ಚೂರು ಕಣ್ಣಿಗೇ ಕಾಣುತ್ತವೆ. ಹಾಲಿನ ಕೆನೆ ಥರ ಒಂದು ಪದರ ಇಡಿಯಾಗಿ ಮೇಲೆದ್ದರೆ ಸೈನೋ. ಎಳೆ ಎಳೆಯಾಗಿ, ತುದಿಯಲ್ಲಿ ಗಾಳಿಗುಳ್ಳೆ ಕಟ್ಟಿಕೊಂಡ ಲೋಳೆ ಎದ್ದು, ಸಿರಿಂಜಿನ ಮೂತಿಗೇ ಅಂಟಿಕೊಂಡು ಬಂದರೆ ಡೈನೋ.

ಇನ್ನೂ ಅನುಮಾನ ಇದ್ದರೆ ಕಾಗದದ ಪರೀಕ್ಷೆ ಮಾಡಿ. ಆ ಲೋಳೆಯನ್ನು ಸ್ವಲ್ಪ ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಎಳೆದು, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಆಮೇಲೆ ಕಾಗದದಲ್ಲಿ ಸೋಸಿ. ಎಲ್ಲರೂ ಕಾಫಿ ಫಿಲ್ಟರ್ ಅಂತಾರೆ, ಅದು ನಮ್ಮ ಸ್ಟೀಲ್ ಫಿಲ್ಟರ್ ಅಲ್ಲ, ಕಾಗದದ್ದು. ಅಡುಗೆಮನೆ ಟಿಶ್ಯೂ ಕಾಗದವೂ ಆಗುತ್ತದೆ. ಸೋಸಿ ಬಂದ ತಿಳಿ ನೀರನ್ನು ಗಾಜಿನ ಲೋಟದಲ್ಲಿ ಟ್ಯಾಂಕಿನ ಲೈಟಿನ ಕೆಳಗೆ ಒಂದು ಗಂಟೆ ಇಡಿ. ಆ ತಿಳಿ ನೀರಲ್ಲೇ ಮತ್ತೆ ಎಳೆ ಎಳೆ ಲೋಳೆ ಕಟ್ಟಿಕೊಂಡರೆ ಅದು ಡೈನೋ. ಕಾಗದದ ಕಣ್ಣಿನಿಂದ ಒಂಟಿ ಜೀವಕೋಶಗಳಾಗಿ ನುಸುಳಿ, ಬೆಳಕು ಸಿಕ್ಕಿದ ಮೇಲೆ ಮತ್ತೆ ಗುಂಪು ಸೇರುವುದು ಅದರ ಗುಣ. ಡಯಾಟಮ್, ಸೈನೋ ಹಾಗೆ ಮಾಡುವುದಿಲ್ಲ.

ಮೈಕ್ರೋಸ್ಕೋಪ್ ಸಿಕ್ಕಿದರೆ ಜಗಳವೇ ಇಲ್ಲ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಬಿಎಸ್‌ಸಿ ಓದುವ ಮಕ್ಕಳಿದ್ದರೆ ಅವರ ಕೈಯಲ್ಲಿ ಒಂದು ಸಣ್ಣ ಬಾಟಲಿ ಲ್ಯಾಬಿಗೆ ಕಳಿಸಿ. 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಸಾಕು. ದೋಣಿ ಆಕಾರದ, ಗಾಜಿನ ಚಿಪ್ಪಿನಂಥ ಕೋಶಗಳು ಜಾರಿದಂತೆ ಹೋಗುತ್ತಿದ್ದರೆ ಡಯಾಟಮ್. ಉದ್ದುದ್ದ ನೂಲು ಕಂಡರೆ ಸೈನೋ. ಕಣ್ಣೀರಿನ ಹನಿ ಆಕಾರದ ಕೋಶ ತನ್ನ ತುದಿಯನ್ನೇ ಗೂಟ ಮಾಡಿಕೊಂಡು ಗಿರಗಿರ ಸುತ್ತುತ್ತಿದ್ದರೆ ಆಸ್ಟ್ರಿಯಾಪ್ಸಿಸ್ ಅನ್ನುವ ಡೈನೋ. ಹೆಸರು ಯಾಕೆ ಬೇಕು ಅಂತೀರಾ? ಮುಂದೆ ಹೇಳುತ್ತೇನೆ, ಮದ್ದು ಅದರ ಮೇಲೇ ನಿಂತಿದೆ.

ಡಯಾಟಮ್: ನೀರಿನ ಮೇಲೆ ಅನುಮಾನ ಪಡಿ

ಹೊಸ ಟ್ಯಾಂಕಿನಲ್ಲಿ ಮೊದಲ ಒಂದೆರಡು ತಿಂಗಳು ಡಯಾಟಮ್ ಬಂದೇ ಬರುತ್ತದೆ. ಬರಲಿ. ತಾನೇ ಹೋಗುತ್ತದೆ. ಟ್ಯಾಂಕ್ ಇಟ್ಟು ವರ್ಷ ಕಳೆದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ಆಗ ಯೋಚನೆ ಮಾಡಬೇಕು.

ಡಯಾಟಮ್‌ನ ಚಿಪ್ಪು ಸಿಲಿಕಾದ್ದು. ನೀರಲ್ಲಿ ಕರಗಿದ ಸಿಲಿಕಾ ಬರುವ ತನಕ ಅದು ಚಿಪ್ಪು ಕಟ್ಟುತ್ತಲೇ ಇರುತ್ತದೆ. ಮಲೆನಾಡಿನಲ್ಲಿ ಇಲ್ಲೇ ಎಲ್ಲರೂ ಮೋಸ ಹೋಗುವುದು. ನಮ್ಮ ಬಾವಿ ನೀರು ಮೃದು. ನೀರಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಬಯಲುಸೀಮೆಯವರು ಹೊಟ್ಟೆಕಿಚ್ಚು ಪಡುವಷ್ಟು ಕಡಿಮೆ ಸಂಖ್ಯೆ ತೋರಿಸುತ್ತದೆ. "ನಮ್ಮ ಬಾವಿ ನೀರಿಗೆ ಎಂತ ಆರ್‌ಒ ಮಾರಾಯ, ಇದೇ ಆರ್‌ಒ ಇದ್ದಹಾಗೆ ಇದೆ" ಅಂತ ಉಪ್ಪು ಬೆರೆಸಿ ಹಾಕಿಬಿಡುತ್ತಾರೆ. ಆದರೆ ಟಿಡಿಎಸ್ ಮೀಟರ್ ಅಳೆಯುವುದು ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಮಾತ್ರ. ಸಾಮಾನ್ಯ ನೀರಲ್ಲಿ ಕರಗಿದ ಸಿಲಿಕಾಗೆ ಹೆಚ್ಚುಕಡಿಮೆ ಯಾವ ವಿದ್ಯುದಂಶವೂ ಇರುವುದಿಲ್ಲ. ಹಾಗಾಗಿ ಅದು ಮೀಟರಿಗೆ ಕಾಣುವುದೇ ಇಲ್ಲ. ಕಲ್ಲು, ಮಣ್ಣಿನ ನಡುವೆ ಇಳಿದು ಬಂದ ನೀರು ತಾನೇ, ಸಿಲಿಕಾ ಇದ್ದೇ ಇರುತ್ತದೆ. ಜಂಬಿಟ್ಟಿಗೆ ಮಣ್ಣಿನ ಊರುಗಳಲ್ಲಿ ಜೊತೆಗೆ ಕಬ್ಬಿಣವೂ ಬರುತ್ತದೆ, ಅದೂ ಪಾಚಿಗೆ ಗೊಬ್ಬರ.

ಆರ್‌ಒ ಇಟ್ಟುಕೊಂಡವರಿಗೂ ಒಂದು ಮಾತು. ಆರ್‌ಒ ಪೊರೆ ಸಿಲಿಕಾದ ಬಹುಪಾಲನ್ನು ತಡೆಯುತ್ತದೆ, ಉಳಿದದ್ದನ್ನು ಹಿಡಿಯುವುದು ಅದರ ನಂತರದ ಡಿಐ ರೆಸಿನ್ ಅನ್ನುವ ಸಣ್ಣ ಕಾಳುಗಳು. ಈ ರೆಸಿನ್ ಸವೆಯುತ್ತಾ ಬಂದಾಗ ಮೊಟ್ಟಮೊದಲು ಜಾರಿ ಹೋಗುವುದು ಸಿಲಿಕಾವೇ. ಆಗಲೂ ಮೀಟರ್ ಸೊನ್ನೆ ತೋರಿಸುತ್ತಿರಬಹುದು. ಮೀಟರ್ ಸೊನ್ನೆ ಇದೆ, ಮರಳಿನಲ್ಲಿ ಕಂದು ಧೂಳು ನಿಲ್ಲುತ್ತಿಲ್ಲ ಅಂದರೆ ರೆಸಿನ್ ಬದಲಿಸಿ ಒಂದು ತಿಂಗಳು ನೋಡಿ. ಸಿಲಿಕಾ ಟೆಸ್ಟ್ ಕಿಟ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಟ್ಯಾಂಕಿನ ನೀರಿಗಿಂತ ಮೊದಲು ಫಿಲ್ಟರಿನಿಂದ ಬಂದ ನೀರಿಗೆ ಹಾಕಿ ನೋಡಿ. ಕುಡಿಯುವ ನೀರಿನ ಮನೆ ಫಿಲ್ಟರ್‌ನಲ್ಲಿ ಆರ್‌ಒ ಇದ್ದರೂ ಡಿಐ ಇರುವುದಿಲ್ಲ, ಮೇಲಿಂದ ರುಚಿಗೆ ಅಂತ ಖನಿಜ ಬೇರೆ ಸೇರಿಸುತ್ತಾರೆ. ಅದು ನಮಗೆ ಆಗುವುದಿಲ್ಲ.

ಮರಳೇ ಕಾರಣವಾ ಅಂತ ಕೇಳುವವರು ತುಂಬ ಜನ. ಹೊನ್ನಾವರ, ಮುರುಡೇಶ್ವರದ ಕಡೆ ಹೋದಾಗ ಚೀಲದಲ್ಲಿ ಮರಳು ತಂದು ಹಾಕಿದವರೂ ಇದ್ದಾರೆ. ಸಮುದ್ರದ್ದೇ ಮರಳು, ಸಮುದ್ರದ ಟ್ಯಾಂಕಿಗೆ ಯಾಕಾಗಬಾರದು ಅಂತ ಅನ್ನಿಸುವುದು ಸಹಜ. ಆದರೆ ಆ ತೀರದ ಮರಳು ಶರಾವತಿಯಂಥ ಹೊಳೆಗಳು ಘಟ್ಟದಿಂದ ಹೊತ್ತು ತಂದದ್ದು, ಹೆಚ್ಚಿನ ಪಾಲು ಬೆಣಚುಕಲ್ಲಿನ ಪುಡಿ. ರೀಫ್ ಟ್ಯಾಂಕಿಗೆ ಬೇಕಾದ್ದು ಅರಗೊನೈಟ್, ಅಂದರೆ ಹವಳ, ಚಿಪ್ಪುಗಳಲ್ಲಿ ಇರುವ ಸುಣ್ಣದಂಶದ ಮರಳು. ಒಂದು ಚಿಟಿಕೆ ಮರಳಿಗೆ ವಿನೆಗರ್ ಬಿಡಿ, ಬುರುಬುರು ಗುಳ್ಳೆ ಬಂದರೆ ಸುಣ್ಣದ್ದು, ಸುಮ್ಮನಿದ್ದರೆ ಬೆಣಚು. ನನ್ನ ಕೇಳಿದರೆ ಬೆಣಚು ಮರಳು ಕರಗಿ ಡಯಾಟಮ್ ಬರುತ್ತದೆ ಅನ್ನುವುದು ಅರ್ಧ ಮಾತ್ರ ನಿಜ, ಅದು ಕರಗುವುದು ಅಷ್ಟು ನಿಧಾನ. ನಿಜವಾದ ತೊಂದರೆ ಅದರಲ್ಲಿರುವ ಕಪ್ಪು ಕಣಗಳು. ಕೆಲವು ಅಯಸ್ಕಾಂತಕ್ಕೆ ಅಂಟುತ್ತವೆ, ಗಾಜು ಉಜ್ಜುವ ಮ್ಯಾಗ್ನೆಟ್ ಒಳಗೆ ಸೇರಿಕೊಂಡು ಗಾಜಿನ ಉದ್ದಕ್ಕೂ ಗೀರು ಎಳೆಯುತ್ತವೆ. ತೀರದಿಂದ ಮರಳು ಎತ್ತಿಕೊಂಡು ಬರುವುದಕ್ಕೆ ಕಾನೂನಿನ ತಕರಾರೂ ಇದೆ, ಬಿಟ್ಟುಬಿಡಿ.

ಸೈನೋ: ನೀರಿನ ಓಟ ನೋಡಿ

ಸೈನೋ ಯಾವ ಮೂಲೆಯಲ್ಲಿ ಬರುತ್ತದೆ ಅನ್ನುವುದೇ ಸುಳಿವು. ನೀರು ಓಡದ ಜಾಗದಲ್ಲಿ ಕಸ ಕೂರುತ್ತದೆ, ಕಸ ಕೂತಲ್ಲಿ ಸೈನೋ ಬರುತ್ತದೆ. ಸ್ವಲ್ಪ ಮೀನಿನ ಊಟವನ್ನು ಪುಡಿ ಮಾಡಿ ನೀರಿಗೆ ಬಿಟ್ಟು, ಅದು ಎಲ್ಲಿ ಹೋಗಿ ಇಳಿಯುತ್ತದೆ ನೋಡಿ. ಹತ್ತಕ್ಕೆ ಒಂಬತ್ತು ಸಲ ಅದು ಇಳಿದ ಜಾಗ ಮತ್ತು ಕೆಂಪು ಹಾಳೆ ಇರುವ ಜಾಗ ಎರಡೂ ಒಂದೇ. ಟ್ಯಾಂಕಿನೊಳಗೆ ನೀರು ಓಡಿಸುವ ಪಂಪ್, ಅಂದರೆ ವೇವ್‌ಮೇಕರ್, ಅದರ ಮೂತಿ ಸ್ವಲ್ಪ ತಿರುಗಿಸಿ. ಹಳೇ ವೇವ್‌ಮೇಕರ್ ಆದರೆ ಮೊದಲು ಬಿಚ್ಚಿ ತೊಳೆಯಿರಿ, ಒಳಗೆ ಸುಣ್ಣ ಕಟ್ಟಿಕೊಂಡು ಅರ್ಧ ಬಲ ಕಳೆದುಕೊಂಡಿರುತ್ತದೆ. ವಿನೆಗರ್ ಬೆರೆಸಿದ ನೀರಲ್ಲಿ ಒಂದು ಗಂಟೆ ನೆನೆಸಿದರೆ ಹೊಸದರ ಹಾಗೆ ಆಗುತ್ತದೆ.

ಓಟ ಜಾಸ್ತಿ ಮಾಡಿದರೆ ಸಣ್ಣ ಮರಳು ಹಾರಿ ಗಾಜು ಕಾಣುತ್ತದೆ, ಅದು ನಿಜ. 1 ಮಿ.ಮೀ.ಗಿಂತ ಸಣ್ಣ ಮರಳು ಹಾಕಿದವರ ಗೋಳು ಇದು. ಹೊಸದಾಗಿ ಹಾಕುವವರು 1ರಿಂದ 2 ಮಿ.ಮೀ. ಗಾತ್ರದ್ದು ತೆಗೆದುಕೊಂಡರೆ ಈ ತಾಪತ್ರಯ ಇಲ್ಲ.

ಊಟ, ಹಿಕ್ಕೆಯಿಂದ ನೀರಿಗೆ ಸೇರಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಅಳೆಯಿರಿ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಮಾತ್ರ ಜಾಸ್ತಿ ಇದ್ದರೆ ಸೈನೋಗೆ ಅನುಕೂಲ, ಯಾಕಂದ್ರೆ ಸೈನೋದಲ್ಲಿ ಕೆಲವು ಜಾತಿಗಳು ಗಾಳಿಯ ನೈಟ್ರೋಜನ್ನನ್ನೇ ಬಳಸಿಕೊಂಡು ಬದುಕಬಲ್ಲವು, ಬೇರೆ ಪಾಚಿಗೆ ಅದು ಆಗುವುದಿಲ್ಲ. ಕೊಳೆತ ಊಟ, ತಿಂಗಳುಗಟ್ಟಲೆ ತೊಳೆಯದ ಫಿಲ್ಟರ್ ಬಟ್ಟೆ, ನೊರೆಯ ಜೊತೆ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್‌ನ ಕಪ್ – ಇವು ಸಾಮಾನ್ಯ ಕಾರಣಗಳು, ಹೆಚ್ಚು ಹೇಳಬೇಕಾದ್ದಿಲ್ಲ. ಲೈಟ್ ಆರಿದ ಮೇಲಲ್ಲ, ಹಾಳೆ ದಪ್ಪವಾಗಿರುವ ಸಂಜೆ ಹೊತ್ತಲ್ಲಿ ಹೀರಿ ತೆಗೆಯಿರಿ. ಎರಿತ್ರೊಮೈಸಿನ್ ಮಾತ್ರೆ ಪುಡಿ ಮಾಡಿ ಹಾಕಿ ಅನ್ನುವವರು ಸಿಗುತ್ತಾರೆ. ಸೈನೋ ಒಂದು ಜಾತಿಯ ಬ್ಯಾಕ್ಟೀರಿಯಾ, ಆದ್ದರಿಂದ ಸಾಯುವುದೇನೋ ಹೌದು. ಆದರೆ ಒಂದೇ ಸಲ ಅಷ್ಟೂ ಸತ್ತು ಕೊಳೆತರೆ ನೀರಿನ ಆಮ್ಲಜನಕ ಕುಸಿಯುತ್ತದೆ, ಒಳ್ಳೇ ಬ್ಯಾಕ್ಟೀರಿಯಾಗೂ ಪೆಟ್ಟು ಬೀಳಬಹುದು, ಕಸ ಕೂರುವ ಮೂಲೆ ಹಾಗೇ ಇದ್ದರೆ ಮತ್ತೆ ಬರುತ್ತದೆ.

ಡೈನೋ: ಇಲ್ಲಿ ತೊಳೆಯುವುದೇ ತಪ್ಪು

ಇದು ಬರುವುದು ಹೆಚ್ಚಾಗಿ ಅತಿ ಶುದ್ಧ ಟ್ಯಾಂಕಿಗೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಮೀನು ಎರಡೇ, ಊಟ ದಿನ ಬಿಟ್ಟು ದಿನ, ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಪುಡಿ ಬೇರೆ. ಆ ಬರಗಾಲದಲ್ಲಿ ಬೇರೆ ಪಾಚಿ, ಬ್ಯಾಕ್ಟೀರಿಯಾ ಸೋತು ಹೋದಾಗ ಡೈನೋಗೆ ಇಡೀ ಹೊಲ ಖಾಲಿ ಸಿಗುತ್ತದೆ.

ಹಾಗಾಗಿ ಮಾಡಬೇಕಾದ್ದೆಲ್ಲ ಉಲ್ಟಾ. ನೀರು ಬದಲಿಸುವುದನ್ನು ನಿಲ್ಲಿಸಿ. ಫಾಸ್ಫೇಟ್ ಹೀರುವ ಪುಡಿ ತೆಗೆಯಿರಿ. ಮೀನಿಗೆ ಊಟ ಜಾಸ್ತಿ ಮಾಡಿ. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿ.ಗ್ರಾಂ ಲೆಕ್ಕ), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ತನಕ ಬರಲಿ, ಅಲ್ಲೇ ನಿಲ್ಲುವಂತೆ ನೋಡಿಕೊಳ್ಳಿ. ಊಟದಿಂದ ಏರದಿದ್ದರೆ ನೈಟ್ರೇಟ್ ಹಾಕಬೇಕಾಗುತ್ತದೆ. ಶಿವಮೊಗ್ಗದ ಗೊಬ್ಬರದ ಅಂಗಡಿಯಲ್ಲಿ ಸಿಗುವ 13-0-45 ಅಂದರೆ ಪೊಟ್ಯಾಶಿಯಂ ನೈಟ್ರೇಟ್, ಕೈಗೆ ಸುಲಭ, ಕಡಿಮೆ ರೇಟು. ಆದರೆ ಚೀಲದ ಮೇಲೆ ಸೂಕ್ಷ್ಮ ಪೋಷಕಾಂಶ ಸೇರಿಸಿದೆ ಅಂತ ಬರೆದಿದ್ದರೆ ಮುಟ್ಟಬೇಡಿ, ಅದರಲ್ಲಿ ತಾಮ್ರ ಇರಬಹುದು. ಲ್ಯಾಬ್ ದರ್ಜೆಯದ್ದನ್ನೇ ತರಿಸಿ, ಬೇಕಾಗುವುದು ಚಮಚದ ಲೆಕ್ಕದಲ್ಲಿ ತಾನೇ.

ಜಾತಿ ಗೊತ್ತಿರಬೇಕು ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಆಸ್ಟ್ರಿಯಾಪ್ಸಿಸ್ ರಾತ್ರಿ ಹೊತ್ತು ಮರಳು ಬಿಟ್ಟು ನೀರಿಗೆ ಏಳುತ್ತದೆ. ಬೆಳಿಗ್ಗೆ ಮರಳು ಬೆಳ್ಳಗೆ ಕಾಣುವುದು ಅದಕ್ಕೇ. ನೀರಿಗೆ ಎದ್ದದ್ದನ್ನು ಯುವಿ ದೀಪದ ಮೂಲಕ ಹಾಯಿಸಿದರೆ ಸಾಯುತ್ತದೆ. ಆಂಫಿಡಿನಿಯಂ ಅನ್ನುವ ಇನ್ನೊಂದು ಡೈನೋ ಹಾಗಲ್ಲ. ಮರಳಿನೊಳಗೇ ಅಡಗಿರುತ್ತದೆ, ಹಗಲೂ ರಾತ್ರಿ ಅಲ್ಲೇ. ಅದಕ್ಕೆ ಯುವಿ ಹಾಕಿದರೆ ಕರೆಂಟ್ ಬಿಲ್ ಅಷ್ಟೇ. ಅದಕ್ಕೆ ಕೆಲವರು ಬೇಕಂತಲೇ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ, ಆ ಡಯಾಟಮ್ ಕೈಯಲ್ಲಿ ಜಾಗ ಕಿತ್ತುಕೊಳ್ಳುವಂತೆ ಮಾಡುತ್ತಾರೆ. ಮೇಲೆ ಇಷ್ಟು ಬೈದ ಬಾವಿ ನೀರಿನ ಸಿಲಿಕಾ ಇಲ್ಲಿ ನೆಂಟ!

ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡುವ ಉಪಾಯವೂ ಇದೆ. ಮರಳು ಬೆಳ್ಳಗಾಗುತ್ತದೆ, ಖುಷಿಯಾಗುತ್ತದೆ, ನೈಟ್ರೇಟ್ ಇನ್ನೂ ಸೊನ್ನೆಯಲ್ಲೇ ಇದ್ದರೆ ಕೆಲವೇ ದಿನಕ್ಕೆ ವಾಪಸ್.

ಎಚ್ಚರಿಕೆ ಒಂದಿದೆ, ತಮಾಷೆ ಅಲ್ಲ. ಆಸ್ಟ್ರಿಯಾಪ್ಸಿಸ್ ವಿಷ ಮಾಡುತ್ತದೆ. ಬಸವನಹುಳುಗಳು ಅದನ್ನು ತಿಂದು ಸಾಯುವುದು ಅದರಿಂದಲೇ, ಹಾಗಾಗಿ ಡೈನೋ ಇರುವಾಗ ಹೊಸ ಹುಳು ತಂದು ಬಿಡಬೇಡಿ. ಜೊವಾಂತಿಡ್ ಅನ್ನುವ ಮೆತ್ತನೆ ಹೂವಿನಂಥ ಜೀವಿಗಳಲ್ಲೂ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ತುಂಬ ಕೆಟ್ಟ ವಿಷ ಇರುತ್ತದೆ. ಆದ್ದರಿಂದ ಪೈಪನ್ನು ಬಾಯಿಗಿಟ್ಟು ನೀರು ಎಳೆಯುವ ಅಭ್ಯಾಸ, ತೋಟದಲ್ಲಿ ಡೀಸೆಲ್ ಎಳೆಯುತ್ತೇವಲ್ಲ ಹಾಗೆ, ಇಲ್ಲಿ ಬೇಡವೇ ಬೇಡ. ಪೈಪನ್ನು ಪೂರ್ತಿ ನೀರಲ್ಲಿ ಮುಳುಗಿಸಿ, ತುದಿ ಬೆರಳಲ್ಲಿ ಮುಚ್ಚಿ ಹೊರಗೆ ತಂದರೆ ತಾನೇ ಹರಿಯುತ್ತದೆ. ಕೈಗೆ ಗ್ಲೌಸ್ ಹಾಕಿ. ಟ್ಯಾಂಕಿನ ಕಲ್ಲನ್ನು ಶುದ್ಧ ಮಾಡುತ್ತೇನೆ ಅಂತ ಒಲೆ ಮೇಲಿಟ್ಟು ಕುದಿಸಬೇಡಿ, ಆ ಹಬೆ ಮನೆಯವರೆಲ್ಲರನ್ನೂ ಆಸ್ಪತ್ರೆಗೆ ಸೇರಿಸಬಹುದು.

ಬರೀ ಕಸ ಆಗಿದ್ದರೆ

ಆಗ ಪೈಪು ತಗೊಳ್ಳಿ. ಮರಳಿನ ಆಳ ಮೊದಲು ಅಳೆಯಿರಿ. 2.5ರಿಂದ 4 ಸೆಂ.ಮೀ. ಇದ್ದರೆ ತಳದ ತನಕ ಹೀರಬಹುದು. 10 ಸೆಂ.ಮೀ.ಗಿಂತ ಆಳ ಇದ್ದರೆ ಮೇಲಿನ ಬೆರಳು ದಪ್ಪ ಮಾತ್ರ, ಕೆಳಗಿನದನ್ನು ಕೆದಕಬೇಡಿ. ನಡುವಿನ ಆಳ ಇಟ್ಟವರದ್ದು ಕಷ್ಟ: ನೈಟ್ರೇಟ್ ಇಲ್ಲವಾಗಿಸುವ ಬ್ಯಾಕ್ಟೀರಿಯಾಗೆ ಸಾಕಾಗುವಷ್ಟು ಆಳವೂ ಅಲ್ಲ, ಸುಲಭವಾಗಿ ತೊಳೆಯುವಷ್ಟು ತೆಳುವೂ ಅಲ್ಲ. ಸ್ವಲ್ಪ ಸ್ವಲ್ಪವೇ ಹೀರಿ ತೆಳು ಮಾಡಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಂದು ಸಲಕ್ಕೆ ಕಾಲು ಭಾಗ ಸಾಕು. ಎಡ ಮೂಲೆ ಈ ವಾರ, ಅದರ ಪಕ್ಕದ್ದು ಮುಂದಿನ ವಾರ. ಸಣ್ಣ ಮರಳು ಪೈಪಿನಲ್ಲಿ ಮೇಲೇರಿ ಬಕೆಟ್‌ಗೆ ಬಂದುಬಿಡುತ್ತದೆ. ಪೈಪನ್ನು ಬೆರಳಲ್ಲಿ ಚಿವುಟಿ ಹಿಡಿದರೆ ಮರಳು ಅರ್ಧ ಏರಿ ಬೀಳುತ್ತದೆ, ಕಸ ಮಾತ್ರ ಹೋಗುತ್ತದೆ. ಬಕೆಟ್‌ಗೆ ಬಂದ ಮರಳನ್ನು ಟ್ಯಾಂಕಿನಿಂದ ತೆಗೆದ ಉಪ್ಪುನೀರಲ್ಲೇ ಜಾಲಿಸಿ ವಾಪಸ್ ಹಾಕಿ. ಪೇಟೆಯ ನಲ್ಲಿ ನೀರಲ್ಲಿ ತೊಳೆದರೆ ಅದರ ಕ್ಲೋರಿನ್‌ಗೆ ಮರಳಿನ ಜೀವಗಳೆಲ್ಲ ಸಾಯುತ್ತವೆ. ಹೀರುವ ಮೊದಲು ಕಲ್ಲುಗಳ ಸಂದಿಗೆ ಸಿರಿಂಜಿನಲ್ಲಿ ಊದಿ. ಮರಳಿನ ಮೇಲೆ ದಿನಾ ಬೀಳುವ ಕಸ ಎಷ್ಟೋ ಸಲ ಕಲ್ಲಿನ ಒಳಗಿನಿಂದ ಉದುರುವುದು.

ಮುಂದಿನ ಗಾಜಿಗೆ ತಾಗಿದಂತೆ ಮರಳಿನ ಒಳಗೆ ಹಸಿರು, ನೇರಳೆ ಗೆರೆ ಕಂಡರೆ ಹೆದರಬೇಡಿ. ಗಾಜಿನ ಮೂಲಕ ಬೆಳಕು ಹೋದಷ್ಟಕ್ಕೆ ಮಾತ್ರ ಬೆಳೆದದ್ದು ಅದು. ಹೊರಗಿನಿಂದ ಕಪ್ಪು ಟೇಪ್ ಅಂಟಿಸಿ, ಕೆಲವು ವಾರದಲ್ಲಿ ಮಾಸುತ್ತದೆ. ಕಪ್ಪು ಮಚ್ಚೆ, ಜೊತೆಗೆ ಕೆದಕಿದಾಗ ಕೊಳೆತ ಮೊಟ್ಟೆ ವಾಸನೆ ಬಂದರೆ ಮಾತ್ರ ಬೇರೆ ಕಥೆ. ಅಲ್ಲಿ ಆಮ್ಲಜನಕ ಇಲ್ಲದೆ ಹೈಡ್ರೋಜನ್ ಸಲ್ಫೈಡ್ ಆಗಿದೆ. ಒಂದೇ ಸಲ ತಿರುವಿ ಹಾಕಿದರೆ ಮೀನು ಸಾಯಬಹುದು. ಪೈಪಿನ ಮೂತಿಯನ್ನು ಆ ಮಚ್ಚೆಯ ಮೇಲೇ ಊರಿ, ಕೆದಕದೆ, ಆ ಮರಳನ್ನೇ ಹೀರಿ ಹೊರಗೆ ಹಾಕಿ.

ಮರಳು ಗಟ್ಟಿಯಾಗಿ ಹಲಗೆ ಕಟ್ಟಿದ್ದರೆ ಅದು ಕೊಳೆ ಅಲ್ಲ, ಸುಣ್ಣ ಇಳಿದದ್ದು. ಆಲ್ಕಲಿನಿಟಿ, ಪಿಎಚ್ ಎರಡೂ ಏರಿ, ಮೆಗ್ನೀಸಿಯಂ ಕಡಿಮೆಯಾದಾಗ ಹೀಗಾಗುತ್ತದೆ. ಮೆಗ್ನೀಸಿಯಂ 1250ರಿಂದ 1350 ಪಿಪಿಎಂ ಇದೆಯಾ ನೋಡಿ. ಕಾಲ್ಕ್ (ಹವಳಕ್ಕೆ ಅಂತ ಹಾಕುವ ಸುಣ್ಣದ ನೀರು) ಹಾಕುವವರು ರಾತ್ರಿ ಹೊತ್ತು ಹನಿ ಹನಿಯಾಗಿ ಬಿಡಬೇಕು, ಲೋಟದಲ್ಲಿ ಸುರಿಯಬಾರದು. ಅದೂ ಸುಣ್ಣವೇ ತಾನೇ, ಎಲೆಅಡಿಕೆ ತಟ್ಟೆಯ ಸುಣ್ಣ ಹಾಕಿದರಾಯಿತು ಅಂತ ಯೋಚಿಸಬೇಡಿ, ಅದರಲ್ಲಿ ಇನ್ನೇನೇನು ಸೇರಿದೆಯೋ ಡಬ್ಬಿ ಮೇಲೆ ಬರೆದಿರುವುದಿಲ್ಲ. ಮಳೆಗಾಲದಲ್ಲಿ ಉಪ್ಪಿನ ಬಕೆಟ್ ಮುಚ್ಚಳ ಸಡಿಲವಿದ್ದರೂ ಇದೇ ತೊಂದರೆ. ತೇವ ಕುಡಿದು ಗಡ್ಡೆಯಾದ ಉಪ್ಪನ್ನು ಕರಗಿಸಿದಾಗ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಅದನ್ನು ಟ್ಯಾಂಕಿಗೆ ಸುರಿದರೆ ಮರಳಿನ ಮೇಲೇ ಕೂರುತ್ತದೆ.

ಹುಳುಗಳು ಸಾಯುತ್ತಿದ್ದರೆ ಡ್ರಮ್ ಮೂಸಿ ನೋಡಿ

ಡೈನೋ ಇಲ್ಲ, ಉಪ್ಪಿನ ಸಾಂದ್ರತೆ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಸರಿ ಇದೆ, ಮೀನುಗಳು ಆರಾಮ, ಆದರೆ ಬಸವನಹುಳು, ಸಿಗಡಿ ಮಾತ್ರ ಒಂದೊಂದಾಗಿ ಸಾಯುತ್ತಿವೆ, ಅವು ಸತ್ತದ್ದರಿಂದ ಮರಳು ಕೊಳೆಯಾಗುತ್ತಿದೆ. ಹೀಗಿದ್ದು, ತಿಂಗಳು ಜೂನ್, ಜುಲೈ ಆಗಿದ್ದರೆ ನನ್ನ ಮೊದಲ ಪ್ರಶ್ನೆ: ತೋಟಕ್ಕೆ ಔಷಧಿ ಹೊಡೆದಾಯ್ತಾ?

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದ ಕಾಲು ಭಾಗ ತೂಕ ತಾಮ್ರವೇ. ಲೆಕ್ಕ ಹಾಕಿದರೆ ಆ ದ್ರಾವಣದ 5 ಮಿ.ಲೀ. ಚಮಚದಲ್ಲಿ ಸುಮಾರು 12 ಮಿ.ಗ್ರಾಂ ತಾಮ್ರ. ಅದು 60 ಲೀಟರ್ ನೀರಿಗೆ ಸೇರಿದರೆ 0.2 ಪಿಪಿಎಂ. ಮೀನಿನ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿಟ್ಟು ತಾಮ್ರದ ಔಷಧಿ ಕೊಡುವಾಗ ಬಳಸುವ ಪ್ರಮಾಣವೇ ಅದು. ಬೆನ್ನೆಲುಬಿಲ್ಲದ ಜೀವಿಗಳು ಅದನ್ನು ತಡೆಯುವುದಿಲ್ಲ. ಸುಣ್ಣ ಸೇರಿದ್ದರಿಂದ ಅಷ್ಟೂ ತಾಮ್ರ ಕೂಡಲೇ ಕರಗಲಿಕ್ಕಿಲ್ಲ, ಆದರೂ ಹುಳು ಸಾಯುವುದಕ್ಕೆ ಅಷ್ಟೂ ಬೇಕಾಗಿಯೂ ಇಲ್ಲ.

ನಮ್ಮ ಭಾವನ ಮನೆಯಲ್ಲಿ ಉಪ್ಪುನೀರು ಕಲಸುತ್ತಿದ್ದ ನೀಲಿ ಡ್ರಮ್ಮಿನ ಹಿಡಿಕೆ ಸಂದಿಯಲ್ಲಿ ತಿಳಿನೀಲಿ ಪುಡಿ ಕೂತಿತ್ತು. "ಚೆಂದ ಮಾಡಿ ತೊಳೆದಿದೀನಿ ಮಾರಾಯ, ಎಂತ ಆಗ್ತದೆ?" ಅಂದರು. "ಭಾವ, ಡ್ರಮ್ ತೋಟಕ್ಕೇ ಇರಲಿ, ಟ್ಯಾಂಕಿಗೆ ಹೊಸದೊಂದು ತನ್ನಿ" ಅಂದೆ. ಪ್ಲಾಸ್ಟಿಕ್ ಗೀರುಗಳಲ್ಲಿ ಸೇರಿದ್ದು ಪೂರ್ತಿ ಹೋಗುವುದಿಲ್ಲ. ಟ್ಯಾಂಕಿಗೆ ಅಂತಲೇ ಬಕೆಟ್, ಡ್ರಮ್, ಪೈಪು, ಮಗ್ಗು ಬೇರೆ ಇಟ್ಟು, ಮೇಲೆ ಬಣ್ಣದಲ್ಲಿ ಬರೆದುಬಿಡಿ. ಔಷಧಿ ಕಲಸಿದ ದಿನ ಆ ಕೈಯನ್ನು ಟ್ಯಾಂಕಿಗೆ ಹಾಕಬೇಡಿ. ಮಾಡಿನ ನೀರು ಹಿಡಿದು ಬಳಸುವವರು ತೋಟ ಮನೆಗೆ ತಾಗಿಕೊಂಡಿದ್ದರೆ ಆ ದಿನಗಳ ನೀರು ಬಿಟ್ಟುಬಿಡಿ.

ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಬಣ್ಣ ಬಂದರೆ ಕಾರ್ಬನ್ ಮತ್ತು ತಾಮ್ರ ಹೀರುವ ರೆಸಿನ್ ಹಾಕಿ, ನೀರು ಬದಲಿಸಿ. ಸುಣ್ಣದಂಶದ ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನ ಬಿಡುತ್ತದೆ. ಜೋರಾಗಿ ಆಗಿದ್ದರೆ ಮರಳು ಪೂರ್ತಿ ಬದಲಿಸುವುದೇ ವಾಸಿ.

ಮಳೆಗಾಲದ ಕರೆಂಟು

ಮರಳಿನೊಳಗಿನ ಬ್ಯಾಕ್ಟೀರಿಯಾ ಕರೆಂಟ್ ಹೋದರೂ ಉಸಿರಾಡುತ್ತಲೇ ಇರುತ್ತವೆ. ನೀರು ನಿಂತರೆ ಮೊದಲು ಆಮ್ಲಜನಕ ಮುಗಿಯುವುದು ಮರಳಿನ ಹತ್ತಿರ. ಮರಳಿನೊಳಗೆ ಇರುವ ನಸೇರಿಯಸ್ ಅನ್ನುವ ಬಸವನಹುಳುಗಳು ಊಟದ ವಾಸನೆ ಇಲ್ಲದೆಯೂ ಮರಳಿನಿಂದ ಎದ್ದು ಗಾಜು ಹತ್ತುತ್ತಿದ್ದರೆ ಅದೇ ಸೂಚನೆ. ಇನ್ವರ್ಟರ್ ಇದ್ದರೆ ಮೊದಲು ಒಂದು ಸಣ್ಣ ವೇವ್‌ಮೇಕರ್‌ಗೆ ಕೊಡಿ, ಲೈಟಿಗೆ ಕೊಡಬೇಡಿ, ಹವಳ ಎರಡು ದಿನ ಕತ್ತಲಲ್ಲಿ ಇರಬಲ್ಲದು. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಆಗುಂಬೆ, ಹುಲಿಕಲ್ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅನ್ಸುತ್ತೆ.

ಕರೆಂಟ್ ವಾಪಸ್ ಬಂದ ಹೊತ್ತೇ ಹೆಚ್ಚು ಅಪಾಯ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಅದರೊಳಗಿನ ನೀರು ಕೆಟ್ಟಿರುತ್ತದೆ; ಅದನ್ನು ಖಾಲಿ ಮಾಡಿ ತೊಳೆದು ಆಮೇಲೆ ಹಚ್ಚಿ. ಟ್ಯಾಂಕಿನ ಕೆಳಗಿಟ್ಟ ಫಿಲ್ಟರ್ ತೊಟ್ಟಿಯ (ಸಂಪ್) ಮಟ್ಟ ಏರಿರುವಾಗ ಸ್ಕಿಮ್ಮರ್ ಉಕ್ಕಿ, ಅದರ ಕಪ್‌ನ ಕೊಳೆಯೆಲ್ಲ ಮತ್ತೆ ಟ್ಯಾಂಕಿಗೆ ಸೇರುತ್ತದೆ. ಕರೆಂಟ್ ಹೋದ ಕೂಡಲೇ ಆ ಕಪ್ ಖಾಲಿ ಮಾಡಿಡಿ. ಆ ವಾರ ಮರಳು ಕೆದಕುವ ಕೆಲಸ ಬೇಡ.

ಹುಳು, ಮೀನು ಯಾವುದು ತರಬೇಕು

ನಸೇರಿಯಸ್ ಪಾಚಿ ತಿನ್ನುವುದಿಲ್ಲ, ಉಳಿದ ಊಟ, ಸತ್ತದ್ದನ್ನು ತಿನ್ನುತ್ತದೆ, ಮರಳೊಳಗೆ ಓಡಾಡುತ್ತದೆ. ಪಾಚಿಯ ಪದರಕ್ಕೆ ಸೆರಿತ್ ಮತ್ತು ಫೈಟಿಂಗ್ ಕಾಂಕ್ ಅನ್ನುವ ಬಸವನಹುಳುಗಳು ಬೇಕು. ಮರಳು ಬಾಯಲ್ಲಿ ಜಾಲಿಸುವ ಡೈಮಂಡ್ ಗೋಬಿ ಮೀನು ಮರಳನ್ನು ಬೆಳ್ಳಗಿಡುತ್ತದೆ, ನೋಡುವುದಕ್ಕೂ ಚೆಂದ. ಆದರೆ ಮರಳಲ್ಲಿ ಸಿಗುವ ಸಣ್ಣ ಜೀವಿಗಳು ಮುಗಿದ ಮೇಲೆ ಕೈಯಾರೆ ಊಟ ಕೊಡದಿದ್ದರೆ ಬಡವಾಗಿ ಸಾಯುತ್ತದೆ. ಅದು ಕಲ್ಲಿನ ಬುಡ ತೋಡುವುದರಿಂದ ಕಲ್ಲುಗಳು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೇ ಕೂತಿರಬೇಕು. ಮರಳು ಶೋಧಿಸುವ ನಕ್ಷತ್ರಮೀನು ಚಿಕ್ಕ ಟ್ಯಾಂಕಿಗೆ ಬೇಡ. ಮರಳಿನ ಒಳ್ಳೇ ಹುಳಗಳನ್ನೆಲ್ಲ ತಿಂದು ಮುಗಿಸಿ ಆಮೇಲೆ ಉಪವಾಸ ಬೀಳುತ್ತದೆ.

ಸಮುದ್ರ ಸೌತೆ ಮರಳು ಚೆನ್ನಾಗಿ ಶುದ್ಧ ಮಾಡುತ್ತದೆ ಅಂತ ಎಲ್ಲ ಕಡೆ ಓದಿರುತ್ತೀರಿ, ಅದು ನಿಜವೇ. ಆದರೆ ನಮ್ಮ ದೇಶದಲ್ಲಿ 2001ರಲ್ಲೇ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ಗೆ ಸೇರಿಸಿದ್ದಾರೆ. ಗಟ್ಟಿ ಹವಳಗಳೂ ಅದೇ ವರ್ಷ ಸೇರಿದವು. ಮುರುಡೇಶ್ವರದ ಎದುರಿನ ನೇತ್ರಾಣಿ ಸುತ್ತ ಹವಳ ಇದೆ ಅಂತ ಯಾರಾದರೂ ಅಲ್ಲಿಂದ ತಂದದ್ದು ಅಂತ ಕಡಿಮೆ ರೇಟಿಗೆ ಕೊಡಲು ಬಂದರೆ ಕೈ ಮುಗಿದು ಕಳಿಸಿ.

ಹೊಸ ಹುಳು ಬಿಡುವ ಮೊದಲು ತಾಮ್ರದ ಟೆಸ್ಟ್ ಒಂದು ಸಲ ಮಾಡಿ. ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಸಣ್ಣ ಪೈಪಿನಲ್ಲಿ ಹನಿ ಹನಿಯಾಗಿ ಒಂದು ಗಂಟೆಯಾದರೂ ಬೆರೆಸಿ. ಉಪ್ಪಿನ ವ್ಯತ್ಯಾಸ ಮೀನಿಗಿಂತ ಹುಳುವಿಗೆ ಜಾಸ್ತಿ ತಾಗುತ್ತದೆ. ಬಿಟ್ಟ ಮೇಲೆ ಮಗುಚಿ ಬಿದ್ದದ್ದನ್ನು ಬೆರಳಲ್ಲಿ ನೆಟ್ಟಗೆ ಮಾಡಿ, ಕೆಲವಕ್ಕೆ ತಾವಾಗಿ ಮಗುಚಿಕೊಳ್ಳಲು ಬರುವುದಿಲ್ಲ.